ಕೋವಿಯ ಮೇಲಿನ ಹೆಸರು: ಜೋಸೆಫ್ ಮಾಂಟನ್

ನಮ್ಮ ಸೀಮೆಯ ಹಳೆಯ ತರವಾಡು ಮನೆಗಳ ಚಾವಡಿಯಲ್ಲಿ, ಗುತ್ತಿನ ಮನೆಗಳ ಗೋಡೆಯಲ್ಲಿ ಕೋವಿಯೊಂದು ತೂಗುತ್ತಿದ್ದುದನ್ನು ಹಿರಿಯ ಓದುಗರು ಕಂಡಿರಬಹುದು. ಗದ್ದೆಗಿಳಿಯುವ ಹಂದಿಯನ್ನು ಓಡಿಸಲು ಒಂದು ಕಾಲದಲ್ಲಿ ಉಪಯೋಗವಾದ ಅದು ಮುಂದೆ ಮನೆತನದ ಗೌರವದ ಕುರುಹಾಗಿ ಉಳಿಯಿತು. ನಳಿಗೆಯ ಮೇಲೆ ಸವೆದ ಇಂಗ್ಲಿಷ್ ಅಕ್ಷರಗಳು. ಅದು ಲಂಡನ್ನಿನದು, ಅಜ್ಜನ ಅಜ್ಜ ತರಿಸಿದ್ದು ಎಂಬ ಮಾತು. ಆದರೆ ಅದನ್ನು ಮಾಡಿದವರು ಯಾರು, ಅದರ ನಿಜವಾದ ವಯಸ್ಸೆಷ್ಟು ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಭಾರತದ ಹಳೆಯ ಕೋವಿಗಳ ಮೇಲೆ ಕಾಣಸಿಗುವ ಹೆಸರುಗಳಲ್ಲಿ ಮಾಂಟನ್ ಎಂಬುದೂ ಒಂದು. ಆ ಹೆಸರನ್ನು ಲೋಕಪ್ರಸಿದ್ಧಗೊಳಿಸಿದವನು ಜೋಸೆಫ್ ಮಾಂಟನ್. ಕೋವಿಯ ಕಸುಬನ್ನು ಕಲೆಯ ಮಟ್ಟಕ್ಕೇರಿಸಿ, ಕೊನೆಗೆ ದಿವಾಳಿಯಾಗಿ ತೀರಿಕೊಂಡ ಈ ಕುಶಲಕರ್ಮಿಯ ಬಾಳನ್ನು ತಿಳಿದರೆ ಕೋವಿಯ ವಯಸ್ಸನ್ನು ಪತ್ತೆಹಚ್ಚುವ ದಾರಿಯೂ ಅರ್ಧ ತಿಳಿದಂತೆಯೇ. ಆದುದರಿಂದ ಇಂದು ಆತನ ಕಥೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಜೋಸೆಫ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಗ್ರಾಂಥಮ್ ಪಟ್ಟಣದಲ್ಲಿ. ವಿಜ್ಞಾನಿ ಐಸಾಕ್ ನ್ಯೂಟನ್ ಶಾಲೆ ಕಲಿತ ಊರು ಅದು. ಅಣ್ಣ ಜಾನ್ ಇವನಿಗಿಂತ ಸುಮಾರು ಹದಿನಾಲ್ಕು ವರ್ಷ ಹಿರಿಯ. ಲಂಡನ್ನಿಗೆ ಹೋಗಿ, ಟ್ವಿಗ್ ಎಂಬ ಹೆಸರಾಂತ ಕೋವಿಗಾರನ ಕೈಕೆಳಗೆ ದುಡಿದು, 1781ರಲ್ಲಿ ಡೋವರ್ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ತೆರೆದಿದ್ದ. ತಮ್ಮ ಜೋಸೆಫನು ಊರಿನಲ್ಲಿಯೇ ಕಸುಬಿನ ಮೊದಲ ಪಾಠ ಕಲಿತು ಅಣ್ಣನ ಬಳಿಗೆ ಹೋದ. ಆದರೆ ಅಣ್ಣನ ನೆರಳಿನಲ್ಲಿಯೇ ಉಳಿಯುವ ಸ್ವಭಾವ ಅವನದಾಗಿರಲಿಲ್ಲ. 1789ರ ಹೊತ್ತಿಗೆ ಡೇವಿಸ್ ಸ್ಟ್ರೀಟಿನಲ್ಲಿ ತನ್ನದೇ ಅಂಗಡಿಯನ್ನು ಹೂಡಿದ. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ಅಂದಿನ ಕೋವಿ ಎಂತಹುದೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದು ಚಕಮಕಿ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಗಿಡಿಯಬೇಕು. ಬಿಲ್ಲನ್ನು ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಹೊರಗಿನ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಬೆಂಕಿ ತಾಗುತ್ತದೆ. ಈ ನಡುವಿನ ಒಂದು ಕ್ಷಣದಲ್ಲಿ ಹಾರುವ ಹಕ್ಕಿ ಎಲ್ಲಿಗೋ ಹೋಗಿರುತ್ತದೆ. ಮಳೆ ಬಂದರಂತೂ ಬಟ್ಟಲಿನ ಮದ್ದು ನೆನೆದು ಕೋವಿ ಬರಿಯ ದೊಣ್ಣೆಯಾಗುತ್ತದೆ.

1787ರಲ್ಲಿ ಹೆನ್ರಿ ನಾಕ್ ಎಂಬವನು ನಳಿಗೆಯ ಬುಡದ ರಚನೆಯನ್ನು ಸುಧಾರಿಸಿದ. ಮದ್ದು ಬೇಗನೆ ಉರಿಯತೊಡಗಿ ನಳಿಗೆಯನ್ನು ಗಿಡ್ಡಗೊಳಿಸುವುದು ಸಾಧ್ಯವಾಯಿತು. ಎರಡು ನಳಿಗೆಗಳನ್ನು ಜೋಡಿಸಿದರೂ ಕೋವಿ ಭಾರವೆನಿಸಲಿಲ್ಲ. ಜೋಡು ನಳಿಗೆಯ ಕೋವಿಗೆ ಒಳ್ಳೆಯ ಕಾಲ ಬಂದುದು ಹೀಗೆ. ಅದನ್ನು ಪರಿಪೂರ್ಣತೆಯ ಸನಿಹಕ್ಕೆ ಒಯ್ದವನು ಜೋಸೆಫ್ ಮಾಂಟನ್. ಬಡಿಯುವ ಭಾಗದ ಚಲನೆಯನ್ನು ಚುರುಕುಗೊಳಿಸಿದ. ಮದ್ದಿನ ಬಟ್ಟಲಿಗೆ ನೀರು ಇಳಿಯದಂತೆ ಮಾಡಿದ. ಹಿಡಿಯ ಮರವನ್ನು ಕೈಗೂ ಹೆಗಲಿಗೂ ಒಗ್ಗುವಂತೆ ಕಡೆದ. 1806ರಲ್ಲಿ ಎರಡು ನಳಿಗೆಗಳ ನಡುವೆ ಎತ್ತರದ ಪಟ್ಟಿಯೊಂದನ್ನು ಕೂಡಿಸುವ ವಿಧಾನಕ್ಕೆ ಪೇಟೆಂಟು ಪಡೆದ. ಜೋಡು ಕೋವಿಯ ಏಟು ಗುರಿಗಿಂತ ಕೆಳಗೆ ಬೀಳುವ ದೋಷವಿತ್ತು. ಈ ಪಟ್ಟಿಯ ಮೇಲೆ ಕಣ್ಣಿಟ್ಟು ಗುರಿ ಹಿಡಿದರೆ ನಳಿಗೆಯ ತುದಿ ತಾನಾಗಿ ತುಸು ಮೇಲೇಳುತ್ತಿತ್ತು. ಉಪಾಯ ಸರಳ, ಪರಿಣಾಮ ದೊಡ್ಡದು. ಮದ್ದು ತುಂಬುವಾಗ ಕೋವಿ ತಾನಾಗಿ ಸಿಡಿದು ಕೈ ಕಳೆದುಕೊಳ್ಳುವ ಅಪಾಯವನ್ನು ತಡೆಯಲು 1812ರಲ್ಲಿ ಇನ್ನೊಂದು ಪೇಟೆಂಟು. ಕೋವಿಯನ್ನು ನೆಟ್ಟಗೆ ನಿಲ್ಲಿಸಿದೊಡನೆ ತನ್ನ ಭಾರದಿಂದಲೇ ಬಿದ್ದು ಯಂತ್ರವನ್ನು ತಡೆಹಿಡಿಯುವ ಅಗುಳಿ ಅದು.

ಲಂಡನ್ನಿನ ಶ್ರೀಮಂತರು ಮಾಂಟನ್ನನ ಅಂಗಡಿಗೆ ಮುತ್ತಿದರು. ಕವಿ ಬೈರನ್ ಅಲ್ಲಿನ ಗುರಿಕಟ್ಟೆಯಲ್ಲಿ ಪಿಸ್ತೂಲಿನ ಅಭ್ಯಾಸಕ್ಕೆ ಬರುತ್ತಿದ್ದ. 1809ರ ತಲವೇರಾ ಕಾಳಗದಲ್ಲಿ ಗಾಯಗೊಂಡು ಊರಿಗೆ ಮರಳಿದ ಪೀಟರ್ ಹಾಕರ್ ಎಂಬ ಸೇನಾಧಿಕಾರಿ ಬೇಟೆಗಾರರಿಗಾಗಿ 1814ರಲ್ಲಿ ಒಂದು ಕೈಪಿಡಿಯನ್ನು ಬರೆದ. ಆ ಪುಸ್ತಕ ಮಾಂಟನ್ನನ ಕೀರ್ತಿಯನ್ನು ಇನ್ನಷ್ಟು ಹಬ್ಬಿಸಿತು. ಇದಕ್ಕಿಂತಲೂ ಮುಖ್ಯವಾದುದು ಆ ಕಾರ್ಖಾನೆಯಲ್ಲಿ ಪಳಗಿದವರ ಸಾಲು. ಮುಂದೆ ಲಂಡನ್ನಿನ ಅತ್ಯುತ್ತಮ ಕೋವಿಗಾರರೆನಿಸಿದ ಜೇಮ್ಸ್ ಪರ್ಡಿ, ಥಾಮಸ್ ಬಾಸ್ ಮೊದಲಾದವರು ಅಲ್ಲಿ ದುಡಿದವರು. ಚಾರ್ಲ್ಸ್ ಲ್ಯಾಂಕಾಸ್ಟರ್ ಅವನಿಗೆ ನಳಿಗೆಗಳನ್ನು ಮಾಡಿಕೊಡುತ್ತಿದ್ದ. ಮಾಂಟನ್ ಇಲ್ಲದೇ ಹೋಗಿದ್ದರೆ ತಾವೆಲ್ಲ ಬರಿಯ ಕಮ್ಮಾರರಾಗಿ ಉಳಿಯುತ್ತಿದ್ದೆವೆಂದು ಪರ್ಡಿ ಒಪ್ಪಿಕೊಂಡಿದ್ದನೆಂಬ ಪ್ರತೀತಿಯಿದೆ.

ಇಷ್ಟೆಲ್ಲ ಇದ್ದೂ ಅವನು ಮುಳುಗಿದ್ದೇಕೆ? ಕೈಯಲ್ಲಿ ಕೆಲಸವಿದ್ದವನು ತಲೆಯಲ್ಲಿ ದಾವೆಗಳನ್ನು ತುಂಬಿಕೊಂಡದ್ದೇ ಮುಖ್ಯ ಕಾರಣವೆನ್ನಬೇಕು. ಫಿರಂಗಿಯ ಗುಂಡಿನ ಬುಡಕ್ಕೆ ಮರದ ಬಟ್ಟಲನ್ನು ಅಳವಡಿಸುವ ಉಪಾಯವೊಂದನ್ನು ಆತ ಯೌವನದಲ್ಲಿಯೇ ಕಂಡುಹಿಡಿದಿದ್ದ. ಅದಕ್ಕೆ ತಕ್ಕ ಪ್ರತಿಫಲ ಸಲ್ಲಲಿಲ್ಲವೆಂದು ಸೇನಾ ಇಲಾಖೆಯೊಡನೆ ವಿವಾದಕ್ಕಿಳಿದು ಸಂಪಾದಿಸಿದ್ದನ್ನು ಸುರಿದ.

ಅಷ್ಟರಲ್ಲಿ ಕಾಲವೂ ಬದಲಾಯಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಚಕಮಕಿಯ ಬದಲು ಬಡಿದೊಡನೆ ಸಿಡಿಯುವ ರಾಸಾಯನಿಕ ಮದ್ದಿನಿಂದ ಕೋವಿಗೆ ಬೆಂಕಿ ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟು ಪಡೆದ. ಮುಂದೆ ಕೇಪಿನ ಕೋವಿಗೆ ದಾರಿಯಾದುದು ಇದೇ. ಚಕಮಕಿಯ ರಾಜನಾಗಿದ್ದ ಮಾಂಟನ್ ಹೊಸತನ್ನು ಕಡೆಗಣಿಸಲಿಲ್ಲ. 1816ರಲ್ಲಿ ಆ ಮದ್ದಿನ ಸಣ್ಣ ಗುಳಿಗೆಯನ್ನು ಬಳಸುವ ತನ್ನದೇ ರಚನೆಯನ್ನು ಹೊರತಂದ. ಫೋರ್ಸೈತ್ ದಾವೆ ಹೂಡಿದ. ತೀರ್ಪು ಫೋರ್ಸೈತನ ಕಡೆಗಾಯಿತು. 1818ರಲ್ಲಿ ಮಾಂಟನ್ ಗುಳಿಗೆಯ ಬದಲು ಪುಟ್ಟ ತಾಮ್ರದ ಕೊಳವೆಯನ್ನು ಬಳಸುವ ಮತ್ತೊಂದು ರಚನೆಗೆ ಪೇಟೆಂಟು ಪಡೆದ. ಮರುವರ್ಷ ಹ್ಯಾನೋವರ್ ಸ್ಕ್ವೇರಿಗೆ, ಮುಂದೆ ಆಕ್ಸ್‌ಫರ್ಡ್ ಸ್ಟ್ರೀಟಿಗೆ ಅಂಗಡಿಯನ್ನು ಬದಲಾಯಿಸಿದ. ಹೊರಗಿನ ವೈಭವಕ್ಕೆ ಕುಂದಿರಲಿಲ್ಲ. ಸಾಲ ಮಾತ್ರ ಬೆಳೆಯುತ್ತಿತ್ತು.

1826ರ ಜನವರಿಯಲ್ಲಿ ಜೋಸೆಫ್ ಮಾಂಟನ್ ದಿವಾಳಿಯೆಂದು ಘೋಷಿತನಾದ. ಅವನ ದಾಸ್ತಾನನ್ನು ಜೋಸೆಫ್ ಲಾಂಗ್ ಎಂಬ ವ್ಯಾಪಾರಿ ಕೊಂಡುಕೊಂಡ. ಆಕ್ಸ್‌ಫರ್ಡ್ ಸ್ಟ್ರೀಟಿನ ಮಳಿಗೆಗೆ ಅದೇ ವರ್ಷ ಬಂದು ನೆಲಸಿದವನು ಒಂದು ಕಾಲಕ್ಕೆ ಅವನ ಕೈಕೆಳಗೆ ದುಡಿದಿದ್ದ ಪರ್ಡಿ. ಅರುವತ್ತರ ಪ್ರಾಯದಲ್ಲಿ ಮಾಂಟನ್ ಸಣ್ಣಪುಟ್ಟ ಜಾಗಗಳಲ್ಲಿ ಮತ್ತೆ ಕೆಲಸ ಆರಂಭಿಸಿದ. ಕೈಯ ಕುಶಲತೆ ಉಳಿದಿತ್ತು, ಹಳೆಯ ಸ್ಥಾನ ಮರಳಲಿಲ್ಲ. ಹೊಸ ಹುಚ್ಚುಗಳ ಬೆನ್ನು ಹತ್ತದೆ ನೆಮ್ಮದಿಯಿಂದ ವ್ಯಾಪಾರ ನಡೆಸಿದ ಅಣ್ಣ ಜಾನ್ 1834ರಲ್ಲಿ ಸ್ಥಿತಿವಂತನಾಗಿಯೇ ತೀರಿಕೊಂಡ. 1835ರ ಜೂನ್ 29ರಂದು ಜೋಸೆಫನೂ ಕಣ್ಣು ಮುಚ್ಚಿದ. ಲಂಡನ್ನಿನ ಕೆನ್ಸಲ್ ಗ್ರೀನ್ ಶ್ಮಶಾನದ ಅವನ ಸಮಾಧಿಗೆ ಬರಹವನ್ನು ಬರೆದುಕೊಟ್ಟವನು ಹಳೆಯ ಗೆಳೆಯ ಹಾಕರ್.

ಮನುಷ್ಯ ಸತ್ತರೂ ಹೆಸರು ಸಾಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಲ್ಜಿಯಮ್ಮಿನ ಅಗ್ಗದ ಕೋವಿಗಳ ಮೇಲೂ ಮಾಂಟನ್ ಹೆಸರನ್ನು ಒತ್ತಿ ಮಾರಿದರು. ಇತ್ತ ಕಲ್ಕತ್ತೆಯಲ್ಲಿ 1825ರಲ್ಲಿಯೇ ಮಾಂಟನ್ ಮನೆತನದ ಫ್ರೆಡರಿಕ್ ಎಂಬವನು ಮಾಂಟನ್ ಅಂಡ್ ಕಂಪೆನಿಯನ್ನು ತೆರೆದಿದ್ದ. ಸ್ಥಾಪಕರು ಹೋದ ಮೇಲೂ ಅದೇ ಹೆಸರಿನಲ್ಲಿ ನಡೆದ ಈ ಅಂಗಡಿ ಅರಸುಮನೆತನಗಳಿಗೂ ಅಧಿಕಾರಿಗಳಿಗೂ ತೋಟದ ದೊರೆಗಳಿಗೂ ಕೋವಿಗಳನ್ನು ಒದಗಿಸಿತು. ಅದು ಪ್ರಾಮಾಣಿಕ ವ್ಯಾಪಾರವೇ ಹೌದು. ಆದರೆ ಆ ಕೋವಿಗಳು ಜೋಸೆಫನ ಕೈಯಲ್ಲಿ ಹುಟ್ಟಿದವಲ್ಲ.

ಹಾಗಾದರೆ ಹಳೆಯ ಕೋವಿಯ ಜಾತಕವನ್ನು ಓದುವುದು ಹೇಗೆ? ಹೆಸರನ್ನು ನಂಬುವ ಮೊದಲು ರಚನೆಯನ್ನು ನೋಡಬೇಕು. ತೋಟೆ ಹಾಕಲು ನಡುವೆ ಮಡಚುವ ಕೋವಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದುದು 1851ರ ಲಂಡನ್ ಮಹಾ ವಸ್ತುಪ್ರದರ್ಶನದ ತರುವಾಯ. ಜೋಸೆಫ್ ತೀರಿಕೊಂಡು ಆಗ ಹದಿನಾರು ವರ್ಷಗಳಾಗಿದ್ದುವು. ಅಂತಹ ಕೋವಿಯ ಮೇಲೆ ಅವನ ಹೆಸರಿದ್ದರೆ ಒಂದೋ ಹಳೆಯದನ್ನು ಮಾರ್ಪಡಿಸಿರಬೇಕು, ಅಲ್ಲವಾದರೆ ಹೆಸರನ್ನು ಬೇರೆಯವರು ಬಳಸಿರಬೇಕು.

ಅನಂತರ ನೋಡಬೇಕಾದುದು ಪರೀಕ್ಷಾ ಮುದ್ರೆ. ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದ ನಳಿಗೆಗೆ ಮಾತ್ರ ಈ ಮುದ್ರೆ ಬೀಳುತ್ತಿತ್ತು. ಸಾಮಾನ್ಯವಾಗಿ ಅದು ನಳಿಗೆಯ ಬುಡದ ಅಡಿಭಾಗದಲ್ಲಿ ಇರುತ್ತದೆ. ನಳಿಗೆಯನ್ನು ಮರದಿಂದ ಬಿಡಿಸಿದರೆ ಕಾಣುತ್ತದೆ. ಕಿರೀಟದ ಕೆಳಗೆ ಜಿ, ಪಿ ಅಕ್ಷರಗಳ ಹೆಣಿಗೆಯಿದ್ದರೆ ಅದು ಲಂಡನ್ನಿನ ಪರೀಕ್ಷೆ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ ಹುಟ್ಟಿದ್ದು 1813ರಲ್ಲಿ. ಕಿರೀಟ ಮತ್ತು ಅಡ್ಡಹಾಕಿದ ರಾಜದಂಡಗಳು ಅದರ ಹಳೆಯ ಗುರುತು. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಅಕ್ಷರಗಳಿದ್ದರೆ ಅದು ಬೆಲ್ಜಿಯಮ್ಮಿನ ಲಿಯೇಜ್ ನಗರದ್ದು; ಅದರ ಮೇಲೆ ಕಿರೀಟವೂ ಇದ್ದರೆ 1893ರ ಅನಂತರದ್ದು. ನಳಿಗೆಯ ಮೇಲೆ ಲಂಡನ್ ಎಂದು ಎಷ್ಟೇ ಚಂದವಾಗಿ ಕೆತ್ತಿದ್ದರೂ ಅಡಿಯಲ್ಲಿರುವ ಈ ಮುದ್ರೆ ನಿಜವನ್ನು ಹೇಳಿಬಿಡುತ್ತದೆ.

ಮೂರನೆಯದು ವಿಳಾಸ ಮತ್ತು ಕ್ರಮಸಂಖ್ಯೆ. ಡೇವಿಸ್ ಸ್ಟ್ರೀಟ್ ಎಂದಿದ್ದರೆ 1819ಕ್ಕೆ ಮೊದಲಿನದು, ಹ್ಯಾನೋವರ್ ಸ್ಕ್ವೇರ್ ಎಂದಿದ್ದರೆ ಆಮೇಲಿನದು. ಮಾಂಟನ್ ಸೋದರರು ತಮ್ಮ ಕೋವಿಗಳಿಗೆ ಸಾಲಾಗಿ ಸಂಖ್ಯೆ ಹಾಕುತ್ತಿದ್ದರು. ಕೀತ್ ನೀಲ್ ಮತ್ತು ಬ್ಯಾಕ್ ಎಂಬಿಬ್ಬರು ಸಂಶೋಧಕರು ಉಳಿದಿರುವ ಕೋವಿಗಳನ್ನು ಹುಡುಕಿ ನೋಡಿ 1967ರಲ್ಲಿ ಮಾಂಟನ್ನರ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದರು. ಸಂಖ್ಯೆಯಿಂದ ವರ್ಷವನ್ನು ಅಂದಾಜು ಮಾಡುವವರಿಗೆ ಅದು ಆಧಾರ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಬ್ಬಿಣದ ಪಟ್ಟಿಗಳನ್ನು ಹುರಿಹೊಸೆದು ಬೆಸೆದ ಹಳೆಯ ನಳಿಗೆಗಳು ಕರಿಮದ್ದಿಗಾಗಿ ಮಾಡಿದವು. ಪರಿಶೀಲಿಸದೆ ಅವುಗಳಲ್ಲಿ ಈಗಿನ ಮದ್ದನ್ನು ಹಾರಿಸುವುದು ಪ್ರಾಣಕ್ಕೇ ಅಪಾಯ. ಕೋವಿಯ ಲೈಸನ್ಸಿನ ವಿಷಯದಲ್ಲಿಯೂ ಉದಾಸೀನ ಸಲ್ಲದು. ಚಾವಡಿಯ ಕೋವಿಯನ್ನು ಎಣ್ಣೆ ಹಾಕಿ ಒರಸಲು ಇಳಿಸಿದಾಗ, ಮೊದಲು ಅದು ಖಾಲಿಯಿದೆಯೇ ಎಂದು ನೋಡಿ, ಮೇಲಿನ ಹೆಸರನ್ನು ಓದಿದ ಬಳಿಕ ಅಡಿಭಾಗವನ್ನೂ ತಿರುಗಿಸಿ ನೋಡಬೇಕೆಂದು ನಮ್ಮ ಸೂಚನೆ. ಅದು ಜೋಸೆಫನ ಕೈಯದಲ್ಲವೆಂದು ತಿಳಿದುಬಂದರೂ ಬೇಸರಿಸಬೇಕಾದ್ದಿಲ್ಲ. ದಿವಾಳಿಯಾದವನ ಅಂಗಡಿ, ಸಾಮಾನು, ಗಿರಾಕಿ ಎಲ್ಲವೂ ಪರರ ಪಾಲಾದರೂ ಅವನ ಹೆಸರಿಗಿದ್ದ ಬೆಲೆ ಕುಂದಲಿಲ್ಲ. ಅದನ್ನು ಕದ್ದು ಒತ್ತಿದವರೂ ಆ ಬೆಲೆಯನ್ನು ಬಲ್ಲವರೇ ಆಗಿದ್ದರು.