ಉಕ್ಕನ್ನು ಕಿಡಿಯಿಂದ ಕೊರೆಯುವ ಯಂತ್ರವನ್ನು ಆಮ್ಲಜನಕದ ಪ್ರೀಸ್ಟ್ಲಿಯೇ ಕಂಡುಹಿಡಿದರೇ?

ಶಾಲೆಯ ಪುಸ್ತಕದಲ್ಲಿ ಆಮ್ಲಜನಕದ ಜೊತೆ ಬರುವ ಜೋಸೆಫ್ ಪ್ರೀಸ್ಟ್ಲಿ ನಿಮಗೆ ನೆನಪಿರಬಹುದು. ಅವರೇ 1770ರಲ್ಲಿ ಇಡಿಎಂ, ಅಂದರೆ ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮಷಿನಿಂಗ್ ಕಂಡುಹಿಡಿದರು ಎಂಬ ಸಾಲು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಎಷ್ಟು ಎಂದು ತಿಳಿಯಲು ಅವರ ಬದುಕನ್ನೇ ಸ್ವಲ್ಪ ನೋಡೋಣ.

ಪ್ರೀಸ್ಟ್ಲಿ ಹುಟ್ಟಿದ್ದು 1733ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ತಂದೆಯದು ಬಟ್ಟೆ ಸಿದ್ಧಪಡಿಸುವ ಕೆಲಸ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ಬೆಳೆಸಿದ್ದು ಅತ್ತೆ. ಮಾತಿನಲ್ಲಿ ಉಗ್ಗು. ಆದರೂ ಆಯ್ದುಕೊಂಡದ್ದು ಪಾದ್ರಿಯ ಕೆಲಸ, ಆಮೇಲೆ ಮೇಷ್ಟ್ರ ಕೆಲಸ! ವಾರಿಂಗ್ಟನ್‌ನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದ ಈ ಮೇಷ್ಟ್ರಿಗೆ ವಿದ್ಯುತ್ತಿನ ಹುಚ್ಚು ಹಿಡಿಯಿತು. ಲಂಡನ್ನಿಗೆ ಹೋಗಿ ಬೆಂಜಮಿನ್ ಫ್ರಾಂಕ್ಲಿನ್‌ರನ್ನು ಕಂಡರು. ವಿದ್ಯುತ್ತಿನ ಇತಿಹಾಸ ಬರೆಯಲು ಫ್ರಾಂಕ್ಲಿನ್ ಪ್ರೋತ್ಸಾಹಿಸಿದರು. 1767ರಲ್ಲಿ ಆ ದಪ್ಪ ಪುಸ್ತಕ ಹೊರಬಂತು.

ಫ್ರಾಂಕ್ಲಿನ್ ಗಾಳಿಪಟದ ಕಥೆ ನಮಗೆ ವಿವರವಾಗಿ ಸಿಕ್ಕಿರುವುದೂ ಇದೇ ಪುಸ್ತಕದಿಂದ, ಘಟನೆ ನಡೆದು ಹದಿನೈದು ವರ್ಷದ ಮೇಲೆ. ಗಾಳಿಪಟಕ್ಕೆ ಸಿಡಿಲು ಹೊಡೆಯಿತು ಎಂದು ಫಾರ್ವರ್ಡ್‌ಗಳು ಹೇಳುವುದು ತಪ್ಪು. ಹೊಡೆದಿದ್ದರೆ ಫ್ರಾಂಕ್ಲಿನ್ ಬದುಕುಳಿಯುವುದೇ ಕಷ್ಟವಿತ್ತು. ಮೋಡದ ವಿದ್ಯುತ್ ಒದ್ದೆ ದಾರದಲ್ಲಿ ಇಳಿದು ಸಣ್ಣ ಕಿಡಿ ಬಂತು, ಅಷ್ಟೇ.

ಪ್ರೀಸ್ಟ್ಲಿ ಬರೀ ಇತಿಹಾಸ ಬರೆದು ಸುಮ್ಮನಾಗಲಿಲ್ಲ. ಇದ್ದಿಲಿನಲ್ಲಿ ವಿದ್ಯುತ್ ಹರಿಯುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಲೋಹ ಮತ್ತು ನೀರು ಮಾತ್ರ ವಾಹಕಗಳು ಎಂಬ ನಂಬಿಕೆಯಿತ್ತು. ಇದ್ದಿಲಿನ ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಲೇಡನ್ ಜಾಡಿಗಳನ್ನು ಸಾಲಾಗಿ ಜೋಡಿಸಿ, ಅದರ ದೊಡ್ಡ ಕಿಡಿಯನ್ನು ನಯವಾದ ಲೋಹದ ತುಂಡಿನ ಮೇಲೆ ಹಾರಿಸಿದರು. ಕಿಡಿ ಬಿದ್ದ ಜಾಗದ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಮೂಡಿದವು. ನಡುವೆ ಲೋಹ ಕರಗಿದಂತೆ ಸಣ್ಣ ಸಣ್ಣ ಗುಳಿಗಳು. ಇದರ ವರದಿ ರಾಯಲ್ ಸೊಸೈಟಿಯ 1768ರ ಸಂಪುಟದಲ್ಲೇ ಇದೆ, ಹಾಗಾಗಿ ಫಾರ್ವರ್ಡಿನ 1770 ಅಷ್ಟು ಸರಿಯಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಅವರ ಕಣ್ಣು ಇದ್ದದ್ದು ಉಂಗುರಗಳ ಮೇಲೆ. ಆ ಗುಳಿಯಿಂದ ಉಕ್ಕನ್ನು ಕೆತ್ತಬಹುದು ಎಂಬ ಯೋಚನೆ ಅವರದಲ್ಲ.

ಆ ಯೋಚನೆ ಬರಲು 1943 ಆಗಬೇಕಾಯಿತು. ಯುದ್ಧದ ನಡುವೆ ಸೋವಿಯತ್ ದೇಶದ ಬೋರಿಸ್ ಮತ್ತು ನತಾಲಿಯಾ ಲಾಜರೆಂಕೊ ದಂಪತಿ, ಕಿಡಿಯಿಂದ ಟಂಗ್‌ಸ್ಟನ್ ಸ್ವಿಚ್ಚುಗಳು ಸವೆಯುವುದನ್ನು ತಡೆಯಲು ಹೊರಟಿದ್ದರು. ಎಣ್ಣೆಯಲ್ಲಿ ಮುಳುಗಿಸಿದರೆ ಸವೆತ ನಿಲ್ಲಲಿಲ್ಲ, ಆದರೆ ಹತೋಟಿಗೆ ಸಿಕ್ಕಿತು. ಹಾಗಾದರೆ ಬೇಕೆಂದೇ ಸವೆಸೋಣ ಎಂದುಕೊಂಡರು. ಇಡಿಎಂ ಯಂತ್ರದ ಹುಟ್ಟು ಅಲ್ಲಿ.

ನಿಮ್ಮ ಮೊಬೈಲಿನ ಪ್ಲಾಸ್ಟಿಕ್ ಕವರನ್ನೇ ತೆಗೆದುಕೊಳ್ಳಿ. ಅದು ಉಕ್ಕಿನ ಅಚ್ಚಿನಲ್ಲಿ ಎರಕವಾಗುತ್ತದೆ. ಅಚ್ಚಿನ ಕಿರಿದಾದ ಗಾಡಿಗಳನ್ನು, ಚೂಪಾದ ಒಳಮೂಲೆಗಳನ್ನು ಮಿಲ್ಲಿಂಗ್ ಕಟರ್ ಕೊರೆಯಲಾರದು, ಏಕೆಂದರೆ ತಿರುಗುವ ಕಟರ್ ದುಂಡಗಿರುತ್ತದೆ. ಅಲ್ಲಿ ತಾಮ್ರ ಅಥವಾ ಗ್ರಾಫೈಟಿನ ಎಲೆಕ್ಟ್ರೋಡ್ ಬರುತ್ತದೆ. ಹೌದು, ಗ್ರಾಫೈಟ್ ಕೂಡ ಪ್ರೀಸ್ಟ್ಲಿಯ ಇದ್ದಿಲಿನಂತೆ ಇಂಗಾಲವೇ. ಎಲೆಕ್ಟ್ರೋಡ್ ಉಕ್ಕನ್ನು ಮುಟ್ಟುವುದಿಲ್ಲ. ನಡುವಿನ ಎಣ್ಣೆಯಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿ ಹಾರಿ, ಒಂದೊಂದೂ ಒಂದು ಸಣ್ಣ ಗುಳಿ ತೆಗೆಯುತ್ತದೆ. ವಿದ್ಯುತ್ ಹರಿಯುವ ಲೋಹವಾದರೆ ಸಾಕು, ಎಷ್ಟು ಗಟ್ಟಿ ಎಂಬುದು ಮುಖ್ಯವಲ್ಲ. ಪೀಣ್ಯದ ಟೂಲ್‌ರೂಮುಗಳಲ್ಲಿ ಸ್ಪಾರ್ಕ್ ಇರೋಷನ್ ಎನ್ನುವುದು ಇದನ್ನೇ.

ಆ ಎಲೆಕ್ಟ್ರೋಡಿನ ಆಕಾರ ಈಗ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಹುಟ್ಟುತ್ತದೆ. ಅಚ್ಚಿನ ಮಾದರಿಯಿಂದ ಕಟರ್ ಬಿಟ್ಟುಹೋದ ಮೈಗಳನ್ನು ಆರಿಸಿ ತೆಗೆಯುತ್ತಾರೆ. ಗುಳಿಯಿರುವ ಕಡೆ ಉಬ್ಬು ಬರುವಂತೆ ಅದನ್ನು ತುಂಬುತ್ತಾರೆ. ಆಮೇಲಿನದು ಹೊಸಬರು ಎಡವುವ ಜಾಗ: ಅದನ್ನು ಬೇಕೆಂದೇ ಸಣ್ಣದು ಮಾಡಬೇಕು. 10 ಮಿಲಿಮೀಟರ್ ಅಗಲದ ಗಾಡಿ ಬೇಕು, ಕಿಡಿ ಹಾರುವ ಸಂದು ಪಕ್ಕಕ್ಕೆ 0.1 ಎಂದುಕೊಂಡರೆ ಎಲೆಕ್ಟ್ರೋಡ್ 9.8 ಇರಬೇಕು. ಯಂತ್ರ ಎಲೆಕ್ಟ್ರೋಡನ್ನು ಅತ್ತಿತ್ತ ಸುತ್ತಿಸುವುದಾದರೆ ಇನ್ನೂ ಸಣ್ಣದು. ಒರಟು ಕೆಲಸಕ್ಕೆ ದೊಡ್ಡ ಕಿಡಿ, ದೊಡ್ಡ ಸಂದು. ನಯದ ಕೆಲಸಕ್ಕೆ ಚಿಕ್ಕದು. ಹಾಗಾಗಿ ಒಂದೇ ಗುಳಿಗೆ ಎರಡು ಎಲೆಕ್ಟ್ರೋಡ್ ಬೇಕಾಗುವುದುಂಟು. ಎಲೆಕ್ಟ್ರೋಡೂ ಸವೆಯುತ್ತದೆ, ಅದರಲ್ಲೂ ಮೂಲೆಗಳು ಮೊದಲು. ಕೆಳಗಿನ ಚೌಕದ ಒಂದು ಮೂಲೆ ಕತ್ತರಿಸಿ ಗುರುತು ಮಾಡುವುದು ವಾಡಿಕೆ. ತಿರುಗುಮುರುಗಾಗಿ ಕಟ್ಟಿದರೆ ತಿಂಗಳುಗಟ್ಟಲೆ ಕೆಲಸದ ಅಚ್ಚು ಒಂದೇ ರಾತ್ರಿಗೆ ಹಾಳು.

ಪ್ರೀಸ್ಟ್ಲಿಯ ಕಥೆಗೆ ಮರಳೋಣ. ಸೋಡಾ ನೀರಿನ ಪ್ರಯೋಗ, 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮವನ್ನು ಬಿಸಿಲಿನ ಮಸೂರದಿಂದ ಕಾಯಿಸಿ ಪಡೆದ ಹೊಸ ಗಾಳಿ, ಇವೆಲ್ಲ ನಿಮಗೆ ಗೊತ್ತು. ಸ್ವೀಡನ್ನಿನ ಶೀಲೆ ಅದನ್ನು ಮೊದಲೇ ತಯಾರಿಸಿದ್ದರು, ಆದರೆ ಅವರ ಬರಹ ಅಚ್ಚಾದದ್ದು ತಡವಾಗಿ.

1791ರಲ್ಲಿ ಪ್ರೀಸ್ಟ್ಲಿ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ಅಧಿಕೃತ ಚರ್ಚನ್ನು ಒಪ್ಪದವರು, ಫ್ರೆಂಚ್ ಕ್ರಾಂತಿಯನ್ನು ಮೆಚ್ಚಿದವರು. ಬಾಸ್ಟೀಲ್ ಪತನದ ನೆನಪಿಗೆ ಜುಲೈ 14ರಂದು ಊರಲ್ಲಿ ಒಂದು ಔತಣ ಏರ್ಪಾಡಾಗಿತ್ತು. ಅದಕ್ಕೆ ಮುಂಚೆ ಜನರನ್ನು ಕೆರಳಿಸುವ ಒಂದು ಕರಪತ್ರ ಹರಿದಾಡಿತು. ಬರೆದವರ ಹೆಸರಿರಲಿಲ್ಲ. ಅದು ತಮ್ಮದಲ್ಲ ಎಂದು ಔತಣದವರು ಹೇಳಿದರೂ ಪ್ರಯೋಜನವಾಗಲಿಲ್ಲ. ಪ್ರೀಸ್ಟ್ಲಿ ಔತಣಕ್ಕೇ ಹೋಗಿರಲಿಲ್ಲ. ಮನೆಯಲ್ಲಿ ಹೆಂಡತಿ ಮೇರಿಯ ಜೊತೆ ಪಗಡೆಯಂಥ ಬ್ಯಾಕ್‌ಗ್ಯಾಮನ್ ಆಡುತ್ತಿದ್ದರು. ಗುಂಪು ಬರುತ್ತಿದೆ ಎಂದು ತಿಳಿದು ಇಬ್ಬರೂ ತಪ್ಪಿಸಿಕೊಂಡರು. ಮನೆಗೆ ನುಗ್ಗಿದವರು ಬೆಂಕಿ ಹಚ್ಚಲು ಅವರದೇ ದೊಡ್ಡ ವಿದ್ಯುತ್ ಯಂತ್ರದಿಂದ ಕಿಡಿ ತೆಗೆಯಲು ನೋಡಿದರು. ಆ ಯಂತ್ರ ಕಿಡಿ ಕೊಡಲಿಲ್ಲ. ಆದರೂ ಮನೆ, ಪುಸ್ತಕ, ಪ್ರಯೋಗಾಲಯ ಯಾವುದೂ ಉಳಿಯಲಿಲ್ಲ.

1794ರಲ್ಲಿ ಕುಟುಂಬ ಅಮೆರಿಕಕ್ಕೆ ಹೊರಟಿತು. ಪೆನ್ಸಿಲ್ವೇನಿಯಾದ ನಾರ್ಥಂಬರ್‌ಲ್ಯಾಂಡಿನಲ್ಲಿ ಹೊಸ ಪ್ರಯೋಗಾಲಯ ಕಟ್ಟಿಕೊಂಡರು. ಎರಡು ವರ್ಷದಲ್ಲಿ ಮೇರಿ ತೀರಿಕೊಂಡರು. ವಸ್ತು ಉರಿಯುವಾಗ ಫ್ಲೊಜಿಸ್ಟನ್ ಎಂಬುದು ಹೊರಬರುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ಬೇರೆಯವರೆಲ್ಲ ಕೈಬಿಟ್ಟರೂ ಪ್ರೀಸ್ಟ್ಲಿ ಬಿಡಲಿಲ್ಲ. ಅದರಲ್ಲಿ ಅವರದೇ ತಪ್ಪು. 1804ರ ಫೆಬ್ರವರಿ 6ರ ಬೆಳಿಗ್ಗೆ ಹಾಸಿಗೆಯಲ್ಲಿದ್ದುಕೊಂಡೇ ತಮ್ಮ ಬರಹಗಳಿಗೆ ಒಂದಷ್ಟು ತಿದ್ದುಪಡಿ ಹೇಳಿ ಬರೆಸಿದರು. ಓದಿಸಿ ಕೇಳಿ, ಸರಿಯಿದೆ ಎಂದ ಸ್ವಲ್ಪ ಹೊತ್ತಿಗೆ ಅವರ ಉಸಿರು ನಿಂತಿತು.