ಬಟಾಣಿ ಎಣಿಸಿದ ಸನ್ಯಾಸಿ

ವಿಜ್ಞಾನದ ಕ್ಲಾಸಲ್ಲಿ ಆದಿಕಾಂಡದ ಸೃಷ್ಟಿಯನ್ನೂ ಕಲಿಸಬೇಕಲ್ವಾ ಪಾಸ್ಟರ್ ಅಂತ ನಮ್ಮ ಕಾರಟಗಿಯ ಮಕ್ಕಳು ಕೇಳ್ತಾರೆ. ಮೆಂಡಲ್ ಅವರನ್ನು ನೋಡ್ರಿ, ಹತ್ತನೇ ಕ್ಲಾಸಿನ ಪಾಠದಲ್ಲಿ ಬರ್ತಾರಲ್ಲ, ಅವರೇ.

1822ರಲ್ಲಿ ರೈತನ ಮನೆಯಲ್ಲಿ ಹುಟ್ಟಿ, ಬ್ರನೋ ಊರಿನ ಮಠ ಸೇರಿ ಸನ್ಯಾಸಿಯಾದರು. ಕ್ಯಾಥೋಲಿಕ್ ಅಂತ ಮೂಗು ಮುರೀಬೇಡ್ರಿ. ಶಿಕ್ಷಕರ ಪರೀಕ್ಷೆಯಲ್ಲಿ ಫೇಲಾದರೂ ಹದಿನಾಲ್ಕು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದರು. 1856ರಿಂದ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡ ಬೆಳೆಸಿ, ನುಣುಪು ಕಾಳೆಷ್ಟು, ಸುಕ್ಕು ಕಾಳೆಷ್ಟು ಅಂತ ಎಣಿಸಿದರು. ಡಾರ್ವಿನ್ ಪುಸ್ತಕವನ್ನೂ ಗುರುತು ಹಾಕಿಕೊಂಡು ಓದಿದರು.

ದೇವರನ್ನು ನಂಬಿದ್ದ ಈ ಮನುಷ್ಯ 1866ರ ತನ್ನ ಬಟಾಣಿ ಲೇಖನದಲ್ಲಿ ಬೈಬಲ್ ವಾಕ್ಯ ಬರೀಲಿಲ್ಲ, ಲೆಕ್ಕ ಬರೆದರು. ನಂಬದವನೂ ಎಣಿಸಿ ನೋಡಬಹುದಾದದ್ದೇ ಆ ಕ್ಲಾಸಿನ ಪಾಠ. ಸೃಷ್ಟಿಕರ್ತನನ್ನು ಸಾರೋಕೆ ನಮಗೆ ಸಭೆ ಇದೆ, ಸಂಡೇ ಸ್ಕೂಲ್ ಇದೆ.

1884ರಲ್ಲಿ ತೀರಿಕೊಂಡರು. ಬೇರೆ ಬೇರೆ ದೇಶದ ಮೂವರು ತಾವೂ ಗಿಡ ಬೆಳೆಸಿ ನೋಡಿ 1900ರಲ್ಲಿ ಪ್ರಕಟಿಸಿದರು, ಲೆಕ್ಕ ಸರಿಯಾಗಿತ್ತು.