ಡಾ. ದ್ವಾರಕಾನಾಥ ಕೋಟಣೀಸ

ಸೊಲ್ಲಾಪುರವೆಂದೊಡನೆ ನಮಗೆ ಗಿರಣಿಗಳೂ ಚಾದರಗಳೂ ನೆನಪಾಗುತ್ತವೆ. ಆದರೆ ದೂರದ ಚೀನಾ ದೇಶದಲ್ಲಿ ಈ ಊರಿನ ಮಗನೊಬ್ಬನ ಸಮಾಧಿಗೆ ಜನರು ಇಂದಿಗೂ ಹೂವು ಏರಿಸುತ್ತಾರೆ. ಅವರೇ ಡಾ. ದ್ವಾರಕಾನಾಥ ಶಾಂತಾರಾಮ ಕೋಟಣೀಸರು.

ಇವರು 1910ನೆಯ ಇಸವಿ ಅಕ್ಟೋಬರ್ 10ರಂದು ಸೊಲ್ಲಾಪುರದ ಒಂದು ಮಧ್ಯಮ ವರ್ಗದ ಕುಟುಂಬದಲ್ಲಿ ಜನಿಸಿದರು. ಮುಂಬಯಿಯ ಶೇಠ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯರಾದರು.

1937ರ ಜುಲೈಯಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿ ಹೋಯಿತು. ಅದುವರೆಗೆ ಪರಸ್ಪರ ಕಾದಾಡುತ್ತಿದ್ದ ಚೀನಾದ ರಾಷ್ಟ್ರೀಯ ಪಕ್ಷ ಮತ್ತು ಕಮ್ಯುನಿಸ್ಟ್ ಪಕ್ಷಗಳು ಶತ್ರುವನ್ನೆದುರಿಸಲು ಒಂದಾದವು. ಕಮ್ಯುನಿಸ್ಟರ ಎಂಟನೆಯ ಮಾರ್ಗಸೇನೆಯ ದಂಡನಾಯಕ ಝು ಡೆ ಅವರು ವೈದ್ಯರ ನೆರವು ಬೇಡಿ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆ ಕೊಟ್ಟರು. ನಾವೇ ಪರಾಧೀನರಾಗಿದ್ದ ಕಾಲವದು. ಆದರೂ ಜನರು ಹಣ ಕೂಡಿಸಿಕೊಟ್ಟರು. ಅಟಲ್, ಚೋಳಕರ, ಬಸು, ಮುಖರ್ಜಿ ಮತ್ತು ಕೋಟಣೀಸ ಎಂಬ ಐವರು ವೈದ್ಯರು 1938ರ ಸಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು.

1939ರ ಫೆಬ್ರುವರಿಯಲ್ಲಿ ತಂಡವು ಯೆನಾನ್ ಸೇರಿತು. ಅಲ್ಲಿ ಗುಡ್ಡದ ಮಣ್ಣು ಕೊರೆದು ಮಾಡಿದ ಗುಹೆಗಳೇ ವಾಸದ ಮನೆಗಳು. ಔಷಧಿಗಳ ಅಭಾವ, ವಿಪರೀತ ಚಳಿ, ತಿಳಿಯದ ಭಾಷೆ. ಇದೇ ಕಾಲದಲ್ಲಿ ಊರಿನಿಂದ ತಂದೆಯವರ ಮರಣವಾರ್ತೆಯೂ ಬಂದಿತು. ಹಿರಿಯ ಸಹೋದ್ಯೋಗಿಗಳು ಊರಿಗೆ ಮರಳುವಂತೆ ಹೇಳಿದರು. ಕೋಟಣೀಸರು ದುಃಖವನ್ನು ನುಂಗಿಕೊಂಡು ಅಲ್ಲಿಯೇ ಉಳಿದರು. ಚೀನೀ ಭಾಷೆಯನ್ನು ಕಲಿತು ಅದರಲ್ಲಿಯೇ ಪಾಠ ಹೇಳತೊಡಗಿದರು. ಜನರು ಅವರನ್ನು ಕೆ ದಿಹುವಾ ಎಂದು ಕರೆದರು. ಹುವಾ ಎಂದರೆ ಚೀನಾ.

ಮುಂದೆ ಅವರು ಯುದ್ಧರಂಗಕ್ಕೇ ಹೋದರು. 1940ರ ಒಂದು ಕಾಳಗದಲ್ಲಿ ಮೂರು ಹಗಲು ಮೂರು ರಾತ್ರಿ ನಿದ್ದೆಯಿಲ್ಲದೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಹೇಳುತ್ತಾರೆ. ಕೆನಡಾ ದೇಶದ ವೈದ್ಯ ನಾರ್ಮನ್ ಬೆಥೂನರು ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ 1941ರಲ್ಲಿ ಕೋಟಣೀಸರ ಹೆಗಲೇರಿತು. ಅದೇ ವರ್ಷ ಅಲ್ಲಿನ ದಾದಿಯರ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರಲ್ಲಿ ಮಗ ಹುಟ್ಟಿದಾಗ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಎರಡು ದೇಶಗಳು ಒಂದೇ ಕೂಸಿನ ಹೆಸರಿನಲ್ಲಿ ಕೂಡಿದವು.

ಆದರೆ ಅವರನ್ನು ಮೂರ್ಛೆರೋಗ ಕಾಡುತ್ತಿತ್ತು. ವಿಶ್ರಾಂತಿ ಪಡೆಯಿರೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಗಲು ರೋಗಿಗಳ ಸೇವೆ, ರಾತ್ರಿ ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕದ ಬರವಣಿಗೆ. ಅದು ಮುಗಿಯುವ ಮೊದಲೇ 1942ರ ಡಿಸೆಂಬರ್ 9ರಂದು ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ 32 ವರ್ಷ. ಮಗನಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಉಳಿದ ನಾಲ್ವರು ವೈದ್ಯರು ತಾಯ್ನಾಡಿಗೆ ಮರಳಿದರು, ಕೋಟಣೀಸರು ಮರಳಲಿಲ್ಲ. ಮಗ ಯಿನ್‌ಹುವಾ ತಂದೆಯಂತೆ ವೈದ್ಯಕೀಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡನು.

1946ರಲ್ಲಿ ವ್ಹಿ. ಶಾಂತಾರಾಮರು ಕೋಟಣೀಸರ ಜೀವನವನ್ನು ಚಲಚ್ಚಿತ್ರವಾಗಿ ತೆಗೆದರು. 1962ರಲ್ಲಿ ಭಾರತ ಚೀನಾಗಳ ನಡುವೆ ಯುದ್ಧವಾಯಿತು. ಹಲವು ವರ್ಷ ಎರಡೂ ದೇಶಗಳಲ್ಲಿ ಪರಸ್ಪರರ ರಾಯಭಾರಿಗಳಿರಲಿಲ್ಲ. ಆದರೂ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಅವರ ಸಮಾಧಿಯ ಗೌರವ ಕುಂದಲಿಲ್ಲ. 1982ರಲ್ಲಿ ಚೀನಾವೂ 1993ರಲ್ಲಿ ಭಾರತವೂ ಅವರ ಅಂಚೆಚೀಟಿ ಹೊರಡಿಸಿದವು.

ವಿದ್ಯಾರ್ಥಿ ಮಿತ್ರರೇ, ಗಡಿಯ ತಂಟೆಗಳು ಇನ್ನೂ ಮುಗಿದಿಲ್ಲ. ರಾಜ್ಯಗಳ ಸ್ನೇಹ ಬರುತ್ತದೆ, ಹೋಗುತ್ತದೆ. ಆದರೆ ನೊಂದವರ ಗಾಯಕ್ಕೆ ಪಟ್ಟಿ ಕಟ್ಟಿದ ಕೈಯನ್ನು ಜನರು ಮರೆಯುವುದಿಲ್ಲ. ಕೋಟಣೀಸರ ಬಾಳು ನಮಗೆ ತೋರಿಸಿಕೊಟ್ಟದ್ದು ಇದನ್ನೇ.